ಔಮಾ ಸಾಕಲು ಒಪ್ಪಿಕೊಂಡ ಪೆಂಗ್ವಿನ್

ಕೇಪ್‌ಟೌನಿನಿಂದ ಕ್ಲಿಪ್‌ಬಾಯ್‌ಗೆ ಹೊರಟ ಬಾಡಿಗೆ ವ್ಯಾನಿನಲ್ಲಿ ರೊನೆಲ್ ಕಿಟಕಿ ಪಕ್ಕ ಕೂತಿದ್ದಳು. ತೊಡೆಯ ಮೇಲೆ ಒಂದು ಕಂದು ಲಕೋಟೆ. ಅದು ಮಡಚಿಕೊಂಡೀತೆಂದು ಬ್ಯಾಗಿನಲ್ಲಿ ಇಡಲಿಲ್ಲ, ಬೆವರಿಗೆ ಒದ್ದೆಯಾದೀತೆಂದು ಕೈಯಲ್ಲೂ ಹಿಡಿಯಲಿಲ್ಲ. ಸುಮ್ಮನೆ ತೊಡೆಯ ಮೇಲಿಟ್ಟು ಕಾವಲು ಕಾಯುತ್ತಿದ್ದಳು. ಡಿಸೆಂಬರಿನ ರಜೆಗೆ ಊರಿಗೆ ಹೊರಟವರಿಂದ ವ್ಯಾನು ತುಂಬಿ ತುಳುಕುತ್ತಿತ್ತು. ಪಕ್ಕದ ಹೆಂಗಸು ಕೋಳಿ ಡಬ್ಬಿ ತೆರೆದಾಗ ರೊನೆಲ್ ಎಣ್ಣೆ ತಾಗೀತೆಂದು ಲಕೋಟೆಯನ್ನು ಕಿಟಕಿಯ ಕಡೆಗೆ ಸರಿಸಿದಳು.

ಲಕೋಟೆಯಲ್ಲಿದ್ದದ್ದು ಬೀದಿಗೆಲ್ಲ ಔಮಾ, ಎಂದರೆ ಅಜ್ಜಿಯಾದ ಹೆಸ್ತರ್ ಅವರ ಹುಟ್ಟುಹಬ್ಬದ ಉಡುಗೊರೆ. ಕ್ಲಿಪ್‌ಬಾಯಿಯ ಕಡಲಹಕ್ಕಿ ಆರೈಕೆ ಕೇಂದ್ರದವರು ಕಳಿಸಿದ ದಪ್ಪ ಕಾಗದ, ಜೊತೆಗೆ ಬೂದು ಬಣ್ಣದ ಪೆಂಗ್ವಿನ್ ಮರಿಯ ಫೋಟೋ. ಈ ಮರಿಯನ್ನು ಸಾಂಕೇತಿಕವಾಗಿ ದತ್ತು ಪಡೆದವರು ಶ್ರೀಮತಿ ಹೆಸ್ತರ್ ಎಂಗೆಲ್ ಎಂದು ಅಚ್ಚಾಗಿತ್ತು. ಮರಿಯ ಹೆಸರು ಎಂಬಲ್ಲಿ ಜಾಗ ಖಾಲಿ ಬಿಟ್ಟಿತ್ತು. ಔಮಾಗೆ ಚಿನ್ನ ಕೊಟ್ಟರೆ ಬೈಯುತ್ತಾರೆ, ಹೊಸ ಬಟ್ಟೆ ಕೊಟ್ಟರೆ ಇನ್ನೊಬ್ಬರಿಗೆ ದಾಟಿಸುತ್ತಾರೆ. ಇದನ್ನು ಯಾರಿಗೂ ದಾಟಿಸಲಾಗದು ಎಂದು ರೊನೆಲ್ ಲೆಕ್ಕ ಹಾಕಿದ್ದಳು.

ಉಡುಗೊರೆಯ ಹಿಂದೆ ಒಂದು ಮಾತಿತ್ತು. ಮಗಳನ್ನು ವಾಪಸು ಕೇಳಬೇಕಿತ್ತು.

ಮಗಳು ಲಿಯಾನ್ ಇನ್ನೂ ಗೋಡೆ ಹಿಡಿದು ನಿಲ್ಲುತ್ತಿದ್ದಾಗ ಬಂದರಿನ ಮೀನು ಕಾರ್ಖಾನೆ ರೊನೆಲ್‌ಳನ್ನು ಕೆಲಸದಿಂದ ತೆಗೆದಿತ್ತು. ಮಗುವಿನ ಅಪ್ಪ ಅದಕ್ಕೂ ಮುಂಚೆಯೇ ಯಾವುದೋ ಹಡಗು ಹತ್ತಿ ಹೋದವನು, ಇಳಿದ ಸುದ್ದಿಯಿಲ್ಲ. ತವರೆಂದು ಹೇಳಿಕೊಳ್ಳಲು ಯಾರೂ ಉಳಿದಿರಲಿಲ್ಲ. ಆಗ ಎದುರು ಮನೆಯ ಹೆಸ್ತರ್ ಔಮಾ ಬಾಗಿಲಲ್ಲಿ ನಿಂತು, "ಕೊಡು ಇಲ್ಲಿ. ನಾನು ದೊಡ್ಡದು ಮಾಡ್ತೀನಿ. ನೀನು ಹೋಗಿ ನಿನ್ ಕಾಲ ಮೇಲೆ ನಿಂತ್ಕೋ," ಎಂದಿದ್ದರು. ರೊನೆಲ್ ಮಗುವನ್ನು ಹಳದಿ ಕಂಬಳಿಯಲ್ಲಿ ಸುತ್ತಿ ಅವರ ಕೈಗಿಟ್ಟಿದ್ದಳು.

ಆ ಬೀದಿಯಲ್ಲಿ ಇದು ಹೊಸತೇನಲ್ಲ. ಒಬ್ಬರ ಮಗುವನ್ನು ಇನ್ನೊಬ್ಬರು ದೊಡ್ಡದು ಮಾಡುವುದು ಅಲ್ಲಿ ಸಕ್ಕರೆ ಎರವಲು ಕೊಟ್ಟಷ್ಟೇ ಸಲೀಸು. ಹೆಸ್ತರ್ ಔಮಾ ಸ್ವತಃ ಹಾಗೆ ಬೆಳೆದವರು. ಹದಿವಯಸ್ಸಿನಿಂದ ಬಂದರಿನ ಕಟ್ಟೆಯ ಮೇಲೆ ನಿಂತು ಸ್ನೂಕ್ ಮೀನು ಸೀಳಿದವರು. ಎಡಗೈಯ ಹೆಬ್ಬೆರಳು ಇಂದಿಗೂ ನೆಟ್ಟಗೆ ಮಡಚುವುದಿಲ್ಲ. ಹೊಟ್ಟೆಯಲ್ಲಿ ಒಂದೂ ಹುಟ್ಟಲಿಲ್ಲ, ಮನೆ ಮಾತ್ರ ಒಂದು ದಿನವೂ ಖಾಲಿಯಿರಲಿಲ್ಲ. ಮಗು ಯಾವ ಕಂಬಳಿಯಲ್ಲಿ ಬಂತೋ ಅದನ್ನು ಒಗೆದು ಮಡಚಿ ಕಪಾಟಿನಲ್ಲಿಡುತ್ತಿದ್ದರು. ಹೆತ್ತವಳು ಬಂದು ಬಾಯಿಬಿಟ್ಟು ಕೇಳಿದ ದಿನ ಮಗುವಿನ ಜೊತೆ ಕಂಬಳಿಯೂ ಹೋಗುತ್ತಿತ್ತು.

ಕೇಳಬೇಕು, ಅಷ್ಟೇ. ಆದರೆ ಪ್ರತಿ ಡಿಸೆಂಬರಿನಲ್ಲೂ ರೊನೆಲ್ ಬಂದು, ತಿಂದು, ಮಲಗಿ, ಮಗಳ ತಲೆ ಬಾಚಿ, ಕೇಳದೆಯೇ ಹಿಂದಿರುಗಿದ್ದಳು. ಮೊದಲು ಇರಲು ಕೋಣೆಯಿರಲಿಲ್ಲ. ಆಮೇಲೆ ಕೋಣೆ ಸಿಕ್ಕಿತು, ಧೈರ್ಯ ಇರಲಿಲ್ಲ. ಈಗ ಆಸ್ಪತ್ರೆಯ ಅಡುಗೆಮನೆಯಲ್ಲಿ ಕಾಯಂ ಕೆಲಸ, ಎರಡು ಕೋಣೆಯ ಮನೆ, ಮನೆಯಿಂದ ಕೂಗಿದರೆ ಕೇಳುವಷ್ಟು ಹತ್ತಿರದ ಶಾಲೆಯಲ್ಲಿ ಒಂದನೇ ತರಗತಿಗೆ ಜಾಗ. ಜನವರಿಯಲ್ಲಿ ಶಾಲೆ ತೆರೆಯುವ ದಿನ ಮಗು ಬರದಿದ್ದರೆ ಜಾಗ ಬೇರೆಯವರಿಗೆ ಎಂದು ಅವರು ಮೊದಲೇ ಹೇಳಿದ್ದರು. ಈ ಸಲ ಕೇಳದೆ ವಿಧಿಯಿಲ್ಲ.

ಔಮಾ ಇಲ್ಲ ಎಂದರೆ? ಅದಕ್ಕಿಂತ ಹೆಚ್ಚಾಗಿ, ಇಲ್ಲ ಎನ್ನದೆ ಸುಮ್ಮನೆ ಮುಖ ನೋಡಿದರೆ?

*

ಹುಟ್ಟುಹಬ್ಬದ ಮಧ್ಯಾಹ್ನ ಮನೆಯ ಹಿತ್ತಿಲಲ್ಲಿ ಮೇಜು ಹಾಕಿದ್ದರು. ಕೊಬ್ಬರಿ ಉದುರಿಸಿದ ಕೂಸಿಸ್ಟರ್ ಉಂಡೆಗಳು ಪಾಕದಲ್ಲಿ ಮಿಂಚುತ್ತಿದ್ದವು. ಔಮಾ ಅವರ ತಮ್ಮ ಫ್ರಿಕ್ ಮಾಮ, ಒಂದು ಕಾಲದಲ್ಲಿ ದೋಣಿ ನಡೆಸುತ್ತಿದ್ದವರು, ಈಗ ನಾಲಿಗೆ ಮಾತ್ರ ನಡೆಸುವವರು, ಲಕೋಟೆಯನ್ನು ತಾವೇ ಒಡೆದು ಗಟ್ಟಿಯಾಗಿ ಓದಿದರು.

"ಅಕ್ಕಾ, ಶುಭಾಶಯ! ಈ ವಯಸ್ಸಲ್ಲಿ ಗಂಡುಮಗು!"

ಎಲ್ಲರೂ ಘೊಳ್ಳೆಂದರು. ಔಮಾ ಮಾತ್ರ ಕನ್ನಡಕ ಏರಿಸಿ ಫೋಟೋ ನೋಡಿದರು.

"ಏನಿದು, ರೊನೆಲ್?"

"ಪೆಂಗ್ವಿನ್ ಮರಿ, ಔಮಾ. ಆರೈಕೆ ಕೇಂದ್ರದಲ್ಲಿದೆ. ಔಮಾ ಹೆಸರಲ್ಲಿ ದತ್ತು ತಗೊಂಡಿದೀನಿ. ಹೆಸರು ಔಮಾನೇ ಇಡಬಹುದು."

"ಪೆಂಗ್ವಿನ್ನಾ!" ಫ್ರಿಕ್ ಮಾಮ ತೊಡೆ ತಟ್ಟಿದರು. "ಕತ್ತೆ ಕೂಗ್ದಂಗೆ ಕೂಗುತ್ತೆ, ಮೀನು ವಾಸನೆ, ತಿಂದು ಅಲ್ಲೇ ಪಿಚಕ್ಕಂತ… ಥೇಟ್ ನಮ್ಮ ಭಾವನ ಥರಾನೇ!"

"ಸತ್ತೋರ ಬಗ್ಗೆ ಹಂಗನ್ಬೇಡ," ಎಂದರು ಔಮಾ, ಆದರೆ ಅವರ ಗಮನ ಅಲ್ಲಿರಲಿಲ್ಲ. ಕಾಗದದ ಮೇಲೆ ಬೆರಳಿಟ್ಟು, "ಇವನ ತಾಯಿ ಎಲ್ಲಿ?" ಎಂದು ಕೇಳಿದರು.

ರೊನೆಲ್ ತಬ್ಬಿಬ್ಬಾದಳು. "ತಾಯಿ… ಗೊತ್ತಿಲ್ಲ ಔಮಾ. ಅವು ಗೂಡು ಕಟ್ಟೋ ದ್ವೀಪದಲ್ಲಿರ್ಬೇಕು."

"ಬದುಕಿದ್ದಾಳಾ?"

"ಇರಬಹುದು."

"ಅವಳನ್ನ ಕೇಳಿದ್ರಾ?"

"ಇದು ಸುಮ್ನೆ ಸಾಂಕೇತಿಕ ಔಮಾ. ಅವರ ಮೀನಿನ ಖರ್ಚಿಗೆ ಸಹಾಯ ಆಗ್ಲಿ ಅಂತ. ನಿಜವಾಗಿ ಮನೆಗೆ ತರೋದೇನಿಲ್ಲ."

"ದತ್ತು ಅಂತ ಬರ್ದಿದೆ. ನನ್ನ ಹೆಸರಿದೆ." ಔಮಾ ಕಾಗದವನ್ನು ಮೇಜಿನ ಮೇಲಿಟ್ಟು ಅಂಗೈಯಿಂದ ನೀವಿದರು. "ತಾಯಿ ಬದುಕಿರೋವಾಗ ನಾನು ಹೆಸರಿಡೋದಾ? ನಾನು ದೊಡ್ಡದು ಮಾಡಿದ ಮಕ್ಕಳಲ್ಲಿ ಒಂದಕ್ಕಾದ್ರೂ ನಾನು ಹೆಸರಿಟ್ಟಿದೀನಾ? ಅದು ಹೆತ್ತೋಳ ಕೆಲಸ."

ಮೇಜಿನ ಕೆಳಗಿನಿಂದ ಲಿಯಾನ್ ತಲೆ ಹೊರಹಾಕಿದಳು. ಮುಂದಿನ ಎರಡು ಹಲ್ಲು ಬಿದ್ದಿದ್ದವು. "ಮಾ, ಹಂಗಾದ್ರೆ ಅವನು ನನ್ನ ತಮ್ಮನಾ?"

ಮಾ ಎಂದದ್ದು ಔಮಾಗೆ. ಹೆತ್ತವಳನ್ನು ಅವಳು ರೊನೆಲ್ ಎಂದೇ ಕರೆಯುತ್ತಿದ್ದಳು, ಬೀದಿಯ ಎಲ್ಲರ ಹಾಗೆ. ರೊನೆಲ್ ಪ್ರತಿ ಸಲ ಕೇಳಿದಾಗಲೂ ಏನೂ ಆಗಿಲ್ಲವೆಂಬಂತೆ ಮುಖ ಇಟ್ಟುಕೊಳ್ಳುವುದನ್ನು ಕಲಿತಿದ್ದಳು.

"ಹ್ಞೂಂ, ತಮ್ಮನೇ," ಎಂದರು ಔಮಾ. "ನಾಳೆ ನೋಡ್ಕೊಂಡು ಬರೋಣ. ಬರಿಗೈಲಿ ಹೋಗ್ಬಾರ್ದು. ಫ್ರಿಕ್, ಬೆಳಿಗ್ಗೆ ಬಂದರಿಗೆ ಹೋಗಿ ಒಳ್ಳೆ ಬೂತಾಯಿ ಮೀನು ತಗೊಂಬಾ. ನಿನ್ನೆದು ಬೇಡ."

ತಾಯಿಯನ್ನು ಕೇಳಿದಿರಾ ಎಂಬ ಮಾತು ರೊನೆಲ್‌ಳ ಕಿವಿಯಲ್ಲೇ ಕೂತಿತು. ಔಮಾ ಅದನ್ನು ಹಕ್ಕಿಯ ಬಗ್ಗೆಯೇ ಕೇಳಿದ್ದರು. ಆದರೂ ಅವಳ ಪ್ಲೇಟಿನ ಕೂಸಿಸ್ಟರ್ ಅರ್ಧಕ್ಕೇ ಉಳಿಯಿತು.

*

ಆರೈಕೆ ಕೇಂದ್ರದ ಅಂಗಳದಲ್ಲಿ ಬೂದು ನೀಲಿ ಬಣ್ಣದ ಮರಿಗಳು ಸಂತೆಯ ಹೆಂಗಸರಂತೆ ಒಂದಕ್ಕೊಂದು ಒತ್ತಿ ನಿಂತಿದ್ದವು. ನೋಡಿಕೊಳ್ಳುವವಳು ತೆಂಬೆಕಾ. ಮೊಣಕೈವರೆಗೆ ರಬ್ಬರ್ ಕೈಗವಸು, ಮೈತುಂಬ ಮೀನೆಣ್ಣೆ, ಮುಖದಲ್ಲಿ ನಗು. ರೆಕ್ಕೆಗೆ ಹಸಿರು ಪಟ್ಟಿ ಕಟ್ಟಿದ್ದ ಒಂದನ್ನು ಎತ್ತಿ ತೋರಿಸಿದಳು.

"ಇವನೇ ಅಮ್ಮಾ ನಿಮ್ಮೋನು. ಹುಷಾರು, ಕೊಕ್ಕು ಚೂರಿ ಇದ್ದಂಗೆ."

ಹಕ್ಕಿ ಔಮಾರನ್ನು ಒಂದು ಕಣ್ಣಿನಿಂದ ನೋಡಿತು, ತಲೆ ತಿರುಗಿಸಿ ಇನ್ನೊಂದು ಕಣ್ಣಿನಿಂದ ನೋಡಿತು. ತೃಪ್ತಿಯಾಗಲಿಲ್ಲವೆಂಬಂತೆ ಹಿಂದಿನಿಂದ ಪಿಚಕ್ಕೆಂದು ಹಾರಿಸಿತು.

"ಭಾವ!" ಎಂದರು ಫ್ರಿಕ್ ಮಾಮ.

ಲಿಯಾನ್ ನಕ್ಕು ನಕ್ಕು ನೆಲಕ್ಕೆ ಕೂತಳು. ಔಮಾ ನಗಲಿಲ್ಲ. "ಇವನ ತಾಯಿ ಯಾಕೆ ಬಿಟ್ಟು ಹೋದ್ಲು?"

"ಬಿಟ್ಟು ಹೋಗ್ಲಿಲ್ಲ ಅಮ್ಮಾ, ಅಲ್ಲೇ ಇದ್ಲು. ಅವಕ್ಕೆ ವರ್ಷಕ್ಕೊಂದ್ಸಲ ಹಳೇ ಗರಿ ಉದುರಿ ಹೊಸದು ಬರುತ್ತೆ. ಅಷ್ಟು ದಿನ ನೀರಿಗಿಳಿಯೋ ಹಂಗಿಲ್ಲ, ಇಳಿದ್ರೆ ತಣ್ಣೀರು ನೇರ ಚರ್ಮಕ್ಕೆ ತಾಗಿ ಸಾಯುತ್ತೆ. ನೀರಿಗಿಳೀದೆ ಮೀನೆಲ್ಲಿಂದ? ಅಪ್ಪ ಅಮ್ಮ ಇಬ್ರೂ ದಡದಲ್ಲೇ ಉಪವಾಸ ನಿಂತಿರ್ತಾರೆ. ತಡವಾಗಿ ಹುಟ್ಟಿದ ಮರಿ ಪಕ್ಕದಲ್ಲೇ ಬಾಯ್ಬಿಡ್ತಾ ಇರುತ್ತೆ, ಕೊಡೋಕೆ ಏನೂ ಇರಲ್ಲ. ಅಂಥವನ್ನ ನಾವು ತರ್ತೀವಿ."

ರೊನೆಲ್ ಬೇಲಿಯ ತಂತಿ ಹಿಡಿದಿದ್ದಳು. ಆ ವರ್ಷ ಕಾರ್ಖಾನೆಯ ಗೇಟಿನ ಹೊರಗೆ ಅವಳೂ ಹೀಗೆಯೇ ನಿಂತಿದ್ದಳು, ಎದೆಹಾಲು ಬತ್ತಿತ್ತು, ಮಗು ಬಾಯಿಬಿಡುತ್ತಿತ್ತು. ಔಮಾ ಈಗ ತನ್ನ ಕಡೆ ನೋಡಬಾರದು ಎಂದು ಬೇಡಿಕೊಂಡಳು. ಔಮಾ ನೋಡಲಿಲ್ಲ. ಬೂತಾಯಿಯ ಬಾಲ ಹಿಡಿದು ಲಿಯಾನ್‌ಗೆ, "ತಲೆ ಮುಂದೆ ಮಾಡಿ ಕೊಡು, ಇಲ್ದಿದ್ರೆ ಮುಳ್ಳು ಗಂಟಲಿಗೆ ಸಿಕ್ಕತ್ತೆ," ಎಂದು ಹೇಳಿಕೊಡುತ್ತಿದ್ದರು. ಆದರೆ ಮೀನನ್ನು ತೆಂಬೆಕಾ ಕೈಯಿಂದಲೇ ಕೊಡಿಸಬೇಕಾಯಿತು. ಅದು ಅಲ್ಲಿನ ನಿಯಮ.

"ಇವನು ಬಂದಾಗ ಯಾತರಲ್ಲಿ ಸುತ್ಕೊಂಡು ತಂದ್ರಿ?" ಔಮಾ ಕೇಳಿದರು.

"ಯಾತರಲ್ಲಿ ಅಂದ್ರೆ? ಹಳೇ ಟವೆಲ್ಲು."

"ಅದನ್ನ ಕೊಡಿ."

ತೆಂಬೆಕಾ ರೊನೆಲ್ ಮುಖ ನೋಡಿದಳು. ರೊನೆಲ್ ಭುಜ ಕುಣಿಸಿದಳು. ತೆಂಬೆಕಾ ರಾಶಿಯಲ್ಲಿ ಹುಡುಕಿ, ಅದೇ ಇರಬಹುದು ಎಂಬಂಥ ಒಂದು ನೀಲಿ ಟವೆಲ್ ತಂದುಕೊಟ್ಟಳು. ಔಮಾ ಅದನ್ನು ಮನೆಗೆ ತಂದು, ಬಿಸಿನೀರಲ್ಲಿ ನೆನೆಹಾಕಿ, ಉಜ್ಜಿ, ಗಾಳಿಗೆ ಒಣಹಾಕಿ, ಮಡಚಿ ಕಪಾಟಿನಲ್ಲಿಟ್ಟರು. ಬಾಗಿಲು ತೆರೆದಾಗ ಒಳಗೆ ಹಳದಿ ಕಂಬಳಿ ಕಂಡಿತು. ರೊನೆಲ್ ಪಕ್ಕದಲ್ಲೇ ಪಾತ್ರೆ ಒರೆಸುತ್ತಿದ್ದಳು. ಇದಕ್ಕಿಂತ ಒಳ್ಳೆಯ ಗಳಿಗೆ ಸಿಗದು.

"ಔಮಾ, ಒಂದು ಮಾತು…"

ಔಮಾ ಕಪಾಟಿನ ಬಾಗಿಲು ಮುಚ್ಚಿದರು. "ಎರಡು ಮಕ್ಕಳ ಮಾತು ಒಟ್ಟಿಗೆ ಬೇಡ, ರೊನೆಲ್. ಮೊದಲು ಇವನು ಸಮುದ್ರ ಸೇರ್ಲಿ."

ತೊಳೆದ ತಟ್ಟೆ ರೊನೆಲ್‌ಳ ಕೈಯಲ್ಲೇ ಇತ್ತು. ಒರೆಸಿದ್ದನ್ನೇ ಮತ್ತೆ ಒರೆಸಿದಳು. ಔಮಾಗೆ ತಿಳಿದಿದೆ. ಎಂದಿನಿಂದ? ಮತ್ತು ತಿಳಿದೂ ಮಾತು ಮುಂದೂಡಿದ್ದು ಕೊಡುವ ಮನಸ್ಸಿನಿಂದಲೋ, ಕೊಡದ ಮನಸ್ಸಿನಿಂದಲೋ?

*

ಹಕ್ಕಿಗಳನ್ನು ಬಿಡುವುದು ಹೊಸ ವರ್ಷ ಕಳೆದ ಮೇಲೆ, ಶಾಲೆ ತೆರೆಯುವ ಮುಂಚೆ ಎಂದು ತೆಂಬೆಕಾ ಹೇಳಿದ್ದಳು. ರೊನೆಲ್ ಆಸ್ಪತ್ರೆಗೆ ಫೋನ್ ಮಾಡಿ ಬೇಡಿಕೊಂಡು ರಜೆ ಮುಂದುವರಿಸಿದಳು. ಅಲ್ಲಿಂದಾಚೆ ಅವಳ ಜೀವವೆಲ್ಲ ಒಂದು ಪೆಂಗ್ವಿನ್ನಿನ ಹೊಟ್ಟೆಯಲ್ಲಿ ಸಿಕ್ಕಿಕೊಂಡಿತು. ತೂಕ ಏರಿತಾ? ಮೀನು ಕಕ್ಕಿತಾ? ಒಂದು ದಿನ ಮಂಕಾಗಿ ನಿಂತಿತ್ತು ಎಂದು ಲಿಯಾನ್ ಹೇಳಿದರೆ ರೊನೆಲ್‌ಗೆ ಅನ್ನ ಸೇರುತ್ತಿರಲಿಲ್ಲ. ಮಗಳಿಗೆ ಹುಷಾರಿಲ್ಲದಾಗಲೆಲ್ಲ ದೂರದಲ್ಲಿ ಕೂತು ಫೋನಿನಲ್ಲಿ ಕೇಳಿ ಕೇಳಿ ಹೀಗೆಯೇ ಕಂಗಾಲಾಗಿದ್ದಳು. ಆಗಲೂ ಮಾಡಲು ಏನೂ ಇರಲಿಲ್ಲ, ಈಗಲೂ ಇಲ್ಲ.

ಔಮಾ ಮಾತ್ರ ನಿಶ್ಚಿಂತೆಯಿಂದ ತಮ್ಮ ಪಾಡಿಗೆ ತಾವಿದ್ದರು. ಜನರನ್ನು ಒಳಬಿಡುವ ದಿನಗಳಲ್ಲಿ ಭಾನುವಾರದ ಟೋಪಿ ಹಾಕಿ, ಲಿಯಾನ್‌ಳ ಕೈಹಿಡಿದು ಕೇಂದ್ರಕ್ಕೆ ನಡೆಯುತ್ತಿದ್ದರು. ದಾರಿಯಲ್ಲಿ ಸಿಕ್ಕವರು, "ಔಮಾ, ಮಗ ಹೆಂಗಿದಾನೆ? ಮಾತು ಬಂತಾ?" ಎಂದು ಕಾಲೆಳೆದರೆ, "ನಿನಗಿಂತ ಬೇಗ ಬಂತು," ಎನ್ನುತ್ತಿದ್ದರು. ಎದುರು ಸಿಕ್ಕವರಲ್ಲಿ ಅವರೇ ದೊಡ್ಡದು ಮಾಡಿದವರೂ ಇದ್ದರು. ಟ್ರಕ್ ಓಡಿಸುವ ಗಡ್ಡದ ಗಂಡಸೊಬ್ಬ ಗಾಡಿ ನಿಲ್ಲಿಸಿ, ಇಳಿದು, ಟೋಪಿ ತೆಗೆದು ಅವರ ಕೆನ್ನೆಗೆ ಮುತ್ತಿಟ್ಟು ಹೋದ. "ಇವನು ರಾತ್ರಿಯೆಲ್ಲಾ ಅಳೋನು," ಎಂದರು ಔಮಾ ಹೋಗುತ್ತಿದ್ದ ಟ್ರಕ್ಕನ್ನು ನೋಡುತ್ತ. "ಅವ್ವ ಬಂದು ಕರ್ಕೊಂಡು ಹೋದ ದಿನ ನನ್ನ ಕಡೆ ತಿರುಗೂ ನೋಡ್ಲಿಲ್ಲ. ಒಳ್ಳೇದೇ ಆಯ್ತು."

ಅದು ಒಳ್ಳೆಯದು ಹೇಗೆ ಎಂದು ಕೇಳಲು ರೊನೆಲ್‌ಗೆ ಬಾಯಿ ಬರಲಿಲ್ಲ.

ಇನ್ನೊಂದು ಮಧ್ಯಾಹ್ನ ಹೊಲಿಗೆ ಮೆಷಿನ್ನಿನ ಸದ್ದು ಕೇಳಿ ಒಳಗೆ ಇಣುಕಿದಳು. ಔಮಾ ಬೂದು ಬಣ್ಣದ ಶಾಲೆಯ ಉಡುಪು ಹೊಲಿಯುತ್ತಿದ್ದರು. ಅಳತೆಗೆ ನಿಂತಿದ್ದ ಲಿಯಾನ್ ಗುಂಡುಸೂಜಿ ಚುಚ್ಚದಂತೆ ಉಸಿರು ಹಿಡಿದಿದ್ದಳು.

"ರೊನೆಲ್, ನೋಡು! ಮಾ ನಂಗೆ ಜೇಬು ಇಡ್ತಿದಾರೆ!"

"ಚೆನ್ನಾಗಿದೆ," ಎಂದಳು ರೊನೆಲ್. ಹಿತ್ತಿಲಿಗೆ ಹೋಗಿ ಒಣಗದ ಬಟ್ಟೆಗಳನ್ನೇ ಹಗ್ಗದಿಂದ ಕಿತ್ತು ಮಡಚತೊಡಗಿದಳು. ಅಂದರೆ ತೀರ್ಮಾನ ಆಗಿದೆ. ಮಗು ಇಲ್ಲಿನ ಶಾಲೆಗೇ ಹೋಗುತ್ತದೆ. ತಾನು ಕೇಳುವುದು, ಅವರು ಇಲ್ಲವೆನ್ನುವುದು, ಇಷ್ಟೇ ಬಾಕಿ. ಕದ್ದು ಕರೆದುಕೊಂಡು ಹೋಗುವ ಯೋಚನೆಯೂ ಒಮ್ಮೆ ಬಂತು. ಬೆಳಗಿನ ಮೊದಲ ವ್ಯಾನು, ಮಗಳ ಕೈ, ಅಷ್ಟೇ. ಬಂದ ಯೋಚನೆಗೆ ತಾನೇ ನಾಚಿ ಒದ್ದೆ ದಿಂಬಿನ ಚೀಲವನ್ನು ಮುಖಕ್ಕೆ ಒತ್ತಿಕೊಂಡಳು.

ಫ್ರಿಕ್ ಮಾಮ ಗೋಡೆಯಾಚೆಯಿಂದ, "ಬಟ್ಟೆ ಮುತ್ತಿಕ್ಕೋಕೆ ಬರುತ್ತೆ, ಮಾತಾಡೋಕೆ ಬರಲ್ಲ ಅಲ್ವಾ ನಿಂಗೆ?" ಎಂದರು.

"ಮಾಮಾ, ಔಮಾ ಏನಂತಾರೆ? ನಿಮಗೇನಾದ್ರೂ ಹೇಳಿದಾರಾ?"

"ನಮ್ಮಕ್ಕ ನಂಗೆ ಹೇಳೋದು ಎರಡೇ. ಮೀನು ತಾ, ಕಾಲು ತೊಳ್ಕೋ."

*

ಹಕ್ಕಿಗಳನ್ನು ಬಿಡಬೇಕಿದ್ದ ದಿನದ ಹಿಂದಿನ ಸಂಜೆ ತೆಂಬೆಕಾಳ ಫೋನು ಬಂತು. ಉಳಿದವೆಲ್ಲ ತಯಾರು, ಹಸಿರು ಪಟ್ಟಿಯವನು ಮಾತ್ರ ಇಲ್ಲ. ಕೊಳದಿಂದ ಎತ್ತಿ ನೋಡಿದಾಗ ಹೊಟ್ಟೆಯ ಗರಿಯೊಳಕ್ಕೆ ನೀರು ಹೋಗಿತ್ತು. ನೀರು ಒಳಹೋಗುವ ಹಕ್ಕಿಯನ್ನು ಸಮುದ್ರಕ್ಕೆ ಬಿಟ್ಟರೆ ಕೊಂದ ಹಾಗೆ. ಮುಂದಿನ ಗುಂಪಿನ ಜೊತೆ ನೋಡೋಣ ಎಂದಳು.

ಮುಂದಿನ ಗುಂಪು ಯಾವಾಗ? ಶಾಲೆ ತೆರೆಯುವ ಹಿಂದಿನ ದಿನ, ಅದೂ ಎಲ್ಲ ಸರಿಹೋದರೆ.

"ಮಾಡೋಕೇನೂ ಇಲ್ವಾ?" ರೊನೆಲ್‌ಗೆ ತನ್ನ ದನಿಯೇ ವಿಚಿತ್ರವೆನಿಸಿತು. "ಇನ್ನೊಂದು ಹಕ್ಕಿನ ಔಮಾ ಹೆಸರಿಗೆ ಮಾಡ್ಬಹುದಲ್ಲಾ? ಎಲ್ಲಾ ಒಂದೇ ಥರ ಇರ್ತವೆ. ಪಟ್ಟಿ ಬದಲಾಯಿಸಿದ್ರೆ…"

ಆ ಕಡೆ ತೆಂಬೆಕಾ ಬಕೀಟು ಕೆಳಗಿಟ್ಟ ಸದ್ದು ಬಂತು. "ಮಾಡ್ಬಹುದಕ್ಕಾ. ಸತ್ತು ಹೋದ್ರೆ ಬೇರೆದನ್ನ ಕೊಡ್ತೀವಿ. ಆದ್ರೆ ಇವನು ಸತ್ತಿಲ್ವಲ್ಲ, ಕೊಕ್ಕಿಂದ ತನ್ನ ಗರಿಗೆ ತಾನೇ ಎಣ್ಣೆ ಹಚ್ಕೊಳ್ಳೋದು ಇನ್ನೂ ಕಲೀತಿದಾನೆ ಅಷ್ಟೇ. ನಿಮ್ಮ ಔಮಾಗೆ ನೀವೇ ಹೇಳ್ತೀರಾ?"

ಫೋನ್ ಇಟ್ಟು ತಿರುಗಿದರೆ ಔಮಾ ಬಾಗಿಲಲ್ಲಿದ್ದರು. ಎಲ್ಲ ಕೇಳಿಸಿಕೊಂಡಿದ್ದರು.

"ಬದಲಿ ಮಗು ಕೊಡ್ತಿದ್ಯಾ ನಂಗೆ?" ಎಂದರು. ಬೈಗುಳದ ದನಿಯಲ್ಲ. ಅದಕ್ಕೇ ಇನ್ನೂ ಕಷ್ಟವಾಯಿತು. "ಲಿಯಾನ್‌ಗೆ ದಡಾರ ಬಂದಾಗ ನಾನೂ ಹಂಗೇ ಪಕ್ಕದ ಮನೆ ಮಗುನ ಎತ್ಕೊಂಡು, ಇದೇ ನಿನ್ನ ಮಗಳು ಅಂತ ಫೋಟೋ ಕಳಿಸ್ಬಹುದಿತ್ತು."

"ತಪ್ಪಾಯ್ತು ಔಮಾ. ಭಯಕ್ಕೆ ಬಾಯಿಗೆ ಬಂದಿದ್ದು."

"ಭಯ ಇರ್ಲಿ. ಭಯ ಇಲ್ದೋಳು ತಾಯಿನೇ ಅಲ್ಲ. ಆದ್ರೆ ಅವಸರ ಮಾಡ್ಬೇಡ. ಗರಿ ಗಟ್ಟಿಯಾಗದೆ ನೀರಿಗೆ ತಳ್ಳೋಕಾಗಲ್ಲ."

ಯಾರ ಗರಿ ಎಂದು ಅವರು ಹೇಳಲಿಲ್ಲ. ರೊನೆಲ್ ಆ ವಾರವಿಡೀ ಮಲಗಿದಲ್ಲಿ ಹೊರಳಾಡಿದಳು, ಹಗಲು ಕೆಲಸ ಹುಡುಕಿಕೊಂಡು ಮಾಡಿದಳು. ಹಿತ್ತಿಲಿನ ಬೇಲಿ ಸರಿಪಡಿಸಿದಳು, ಔಮಾರ ಕಿಟಕಿ ಪರದೆಗಳನ್ನೆಲ್ಲ ಒಗೆದಳು. ಕೈ ಸುಮ್ಮನಾದ ಕೂಡಲೇ ಶಾಲೆಯ ಗೇಟು ಕಣ್ಣಿಗೆ ಬರುತ್ತಿತ್ತು, ಮಕ್ಕಳೆಲ್ಲ ಒಳಹೋಗಿ ಮುಚ್ಚಿಕೊಳ್ಳುತ್ತಿರುವ ಗೇಟು.

*

ಕೊನೆಗೂ ಕರೆ ಬಂತು. ಹಸಿರು ಪಟ್ಟಿಯವನ ಹೊಟ್ಟೆ ಕೊಳದಿಂದೆತ್ತಿದರೂ ಒಣಗಿಯೇ ಇತ್ತು.

ದ್ವೀಪ ಕಾಣುವ ಮರಳ ದಂಡೆಯಲ್ಲಿ, ತೂತು ಹೊಡೆದ ರಟ್ಟಿನ ಪೆಟ್ಟಿಗೆಗಳನ್ನು ಸಾಲಾಗಿ ಇಟ್ಟಿದ್ದರು. ಗಾಳಿ ಜೋರಾಗಿತ್ತು. ಔಮಾ ಭಾನುವಾರದ ಟೋಪಿಯನ್ನು ಒಂದು ಕೈಯಲ್ಲಿ, ಒಗೆದು ಮಡಚಿದ ನೀಲಿ ಟವೆಲನ್ನು ಇನ್ನೊಂದು ಕೈಯಲ್ಲಿ ಹಿಡಿದಿದ್ದರು.

"ಇದು ಅವನ ಜೊತೆ ಹೋಗ್ಬೇಕು," ಎಂದರು.

ತೆಂಬೆಕಾ ನಗು ತಡೆದುಕೊಂಡಳು. "ಅಮ್ಮಾ, ಅವನಿಗೆ ಕೈಯೇ ಇಲ್ವಲ್ಲ."

"ಹಂಗಾದ್ರೆ ಪೆಟ್ಟಿಗೆ ಮುಂದಾದ್ರೂ ಹಾಸಿ. ಅದರ ಮೇಲೆ ನಡ್ಕೊಂಡು ಹೋಗ್ಲಿ."

ಹಾಸಿದರು. ಪೆಟ್ಟಿಗೆ ತೆರೆಯುವುದು ದತ್ತು ಪಡೆದವರ ಕೆಲಸ. ಔಮಾ ಮೊಣಕಾಲೂರಿದರು, ಮಡಚದ ಹೆಬ್ಬೆರಳಿನಿಂದ ಮುಚ್ಚಳ ಎತ್ತಲು ಕಷ್ಟಪಟ್ಟರು. ಲಿಯಾನ್ ಸಹಾಯಕ್ಕೆ ಕೈ ಹಾಕಿದಳು. ಉಳಿದ ಪೆಟ್ಟಿಗೆಗಳ ಹಕ್ಕಿಗಳು ಆಗಲೇ ಓಡುತ್ತಾ, ಮುಗ್ಗರಿಸುತ್ತಾ ಅಲೆಗಳಿಗೆ ಬಿದ್ದಿದ್ದವು. ಇವನು ಹೊರಬಂದು ಟವೆಲಿನ ಮೇಲೆ ನಿಂತ. ಸಮುದ್ರದ ಕಡೆ ಬೆನ್ನು. ಔಮಾರನ್ನು ಒಂದು ಕಣ್ಣಿನಿಂದ ನೋಡಿದ, ಇನ್ನೊಂದು ಕಣ್ಣಿನಿಂದ ನೋಡಿದ.

ರೊನೆಲ್ ಉಗುರು ಕಚ್ಚುತ್ತಿದ್ದಳು. ಹೋಗು, ಹೋಗೋ ಮಾರಾಯ.

"ತಮ್ಮಾ, ಆ ಕಡೆ!" ಲಿಯಾನ್ ಕೂಗಿದಳು.

ಔಮಾ ಎದ್ದರು. ಅವನಿಗೆ ಬೆನ್ನು ಮಾಡಿ ನಿಂತರು. ಬೇಕೆಂದೇ, ಗಟ್ಟಿಯಾಗಿ, ಟೋಪಿ ಒತ್ತಿ ಹಿಡಿದುಕೊಂಡು. ಅವರು ತಿರುಗಿದ ಮೇಲೆ ಅವನಿಗೆ ನೋಡಲು ಏನೂ ಉಳಿಯಲಿಲ್ಲ. ಹಿಂದೆ ಅಲೆಯ ಸದ್ದು, ದೂರದಲ್ಲಿ ಉಳಿದವರ ಕೂಗು. ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ, ಆಮೇಲೆ ಓಟ. ಬಿಳಿ ನೊರೆ ಬಂದು ಎತ್ತಿಕೊಂಡಿತು. ನೊರೆ ಇಳಿದಾಗ ಅವನಿರಲಿಲ್ಲ.

"ಹೋದ್ನಾ?" ಔಮಾ ತಿರುಗದೆಯೇ ಕೇಳಿದರು.

"ಹೋದ," ಎಂದರು ಫ್ರಿಕ್ ಮಾಮ. ಈ ಸಲ ತಮಾಷೆ ಮಾಡಲಿಲ್ಲ.

ಔಮಾ ಬಗ್ಗಿ ಟವೆಲ್ ಎತ್ತಿ ಮರಳು ಕೊಡವಿದರು. ರೊನೆಲ್ ಒಂದು ಹೆಜ್ಜೆ ಮುಂದಿಟ್ಟಳು. ಈಗ ಇಲ್ಲದಿದ್ದರೆ ಇನ್ನಿಲ್ಲ.

"ಔಮಾ," ಎಂದಳು. ಗಾಳಿ ಮಾತನ್ನು ಎತ್ತಿಕೊಂಡು ಹೋಯಿತು. ಹತ್ತಿರ ಹೋಗಿ ಮತ್ತೆ ಹೇಳಿದಳು. "ಔಮಾ, ನನ್ನ ಮಗಳನ್ನ ನಂಗೆ ಕೊಡಿ. ಕರ್ಕೊಂಡು ಹೋಗ್ತೀನಿ. ಶಾಲೆ ಇದೆ, ಮನೆ ಇದೆ, ನಾನಿದೀನಿ."

ಔಮಾ ಟವೆಲನ್ನು ಮಡಚಿದರು. ಮೂಲೆಗೆ ಮೂಲೆ ಸೇರಿಸಿ, ಮತ್ತೊಮ್ಮೆ ಮಡಚಿದರು.

"ಎಷ್ಟು ಡಿಸೆಂಬರ್ ಕಾಯಿಸ್ದೆ ನನ್ನ," ಎಂದರು. "ಬರ್ತೀಯ, ಪಾತ್ರೆ ತೊಳೀತೀಯ, ಹೋಗ್ತೀಯ. ಪ್ರತಿ ಸಲ ಕಂಬಳಿ ತೆಗೆದು ಬಿಸಿಲಿಗೆ ಹಾಕ್ತಿದ್ದೆ, ಈ ಸಲ ಕೇಳ್ತಾಳೆ ಅಂತ. ನೀನು ಕೇಳ್ಲಿಲ್ಲ. ಕೇಳದೆ ನಾನು ಹೆಂಗೆ ಕೊಡ್ಲಿ? ಕರ್ಕೊಂಡು ಹೋಗು ಅಂತ ನಾನೇ ಅಂದ್ರೆ, ಮಗು ಸಾಕಾಯ್ತು ಅಂದಂಗಾಗಲ್ವಾ? ಅವಳ ಕಿವಿಗೆ ಆ ಮಾತು ಬಿದ್ರೆ ಸಾಯೋವರೆಗೂ ಹೋಗಲ್ಲ."

ಅದು ರೊನೆಲ್‌ಗೂ ಗೊತ್ತಿದ್ದದ್ದೇ. ಬೀದಿಯ ಯಾವ ಸಾಕುತಾಯಿಯೂ ತಾನಾಗಿ ಮಗುವನ್ನು ಹಿಂದಿರುಗಿಸಿದ್ದಿಲ್ಲ. ತನ್ನ ಭಯ ಅಷ್ಟು ದೊಡ್ಡದಾಗಿ ಎದುರು ನಿಂತಿದ್ದರಿಂದ ಅದರ ಹಿಂದೆ ಕಾಯುತ್ತಿದ್ದವರು ಕಂಡಿರಲಿಲ್ಲ.

"ಮತ್ತೆ ಆ ಉಡುಪು? ಇಲ್ಲಿನ ಶಾಲೆಗೆ ಅಂದ್ಕೊಂಡೆ…"

"ಬೂದು ಬಣ್ಣ ಯಾವ ಶಾಲೆಗಾದ್ರೂ ನಡೆಯುತ್ತೆ. ಕೇಳ್ದೆ, ಕೊಟ್ಟೆ. ನನ್ನದಾಯ್ತು." ಅವರು ಟೋಪಿಯ ದಾರ ಬಿಗಿಮಾಡಿಕೊಂಡರು. "ಅವಳ ಒಪ್ಪಿಗೆ ನೀನೇ ಕೇಳ್ಕೋ. ಅವಳು ಪೆಂಗ್ವಿನ್ ಅಲ್ಲ, ಬಾಯಿದೆ."

ಲಿಯಾನ್ ಮರಳಿನಲ್ಲಿ ಹಕ್ಕಿಯ ಹೆಜ್ಜೆ ಗುರುತಿನ ಮೇಲೆ ತನ್ನ ಹೆಜ್ಜೆ ಇಡುತ್ತಿದ್ದಳು. ರೊನೆಲ್ ಅವಳೆದುರು ಕುಕ್ಕರಗಾಲಲ್ಲಿ ಕೂತು ಕೇಳಿದಳು. ಹೇಗೆ ಕೇಳಿದಳೋ ಆಮೇಲೆ ನೆನಪಾಗಲಿಲ್ಲ.

ಲಿಯಾನ್ ಮೊದಲು ಔಮಾರ ಕಡೆ ನೋಡಿದಳು. ಔಮಾ ತಲೆಯಾಡಿಸಿದರು.

"ನಾನು ಹೋದ್ರೆ ಮಾ ಜೊತೆ ಯಾರಿರ್ತಾರೆ?"

"ನಾನಿಲ್ವಾ?" ಎಂದರು ಫ್ರಿಕ್ ಮಾಮ.

"ನೀವು ಗೊರಕೆ ಹೊಡೀತೀರ." ಲಿಯಾನ್ ಕಾಲ ಬೆರಳಿನಿಂದ ಮರಳು ಕೆದಕಿದಳು. "ಈಸ್ಟರಿಗೆ ಬರಬಹುದಾ?"

"ಬರೋಣ."

"ಉಡುಪಿನ ಜೇಬಲ್ಲಿ ಏನು ಬೇಕಾದ್ರೂ ಇಟ್ಕೋಬಹುದಾ?"

"ಮೀನು ಬಿಟ್ಟು ಏನು ಬೇಕಾದ್ರೂ."

"ನೋಡ್ತೀನಿ," ಎಂದಳು ಲಿಯಾನ್, ಸಾಲ ಕೇಳಿದವರಿಗೆ ಫ್ರಿಕ್ ಮಾಮ ಹೇಳುವ ಗತ್ತಿನಲ್ಲೇ.

*

ಅದೇ ಮಧ್ಯಾಹ್ನದ ವ್ಯಾನಿಗೆ ಹೊರಟರು. ಔಮಾ ಕಪಾಟು ತೆರೆದು ಹಳದಿ ಕಂಬಳಿ ತೆಗೆದರು, ಆ ಜಾಗದಲ್ಲಿ ನೀಲಿ ಟವೆಲ್ ಇಟ್ಟು ಬಾಗಿಲು ಮುಚ್ಚಿದರು. ದತ್ತು ಪತ್ರ ಗೋಡೆಯ ಮೇಲೆ, ಯೇಸುವಿನ ಪಟದ ಪಕ್ಕದಲ್ಲಿತ್ತು. ಹೆಸರಿನ ಜಾಗ ಖಾಲಿಯೇ.

ವ್ಯಾನಿನ ಹತ್ತಿರ ಬಂದು, ಕಂಬಳಿಯನ್ನು ಲಿಯಾನ್‌ಳ ತೊಡೆಯ ಮೇಲಿಟ್ಟು, ಮಾಂಸದ ಉಂಡೆಗಳ ಡಬ್ಬಿಯನ್ನು ರೊನೆಲ್‌ಳ ಕೈಗೆ ಕೊಟ್ಟರು. ಕೆಮ್ಮು ಬಂದರೆ ಏನು ಕೊಡಬೇಕು, ಬೆಳಿಗ್ಗೆ ತಲೆ ಬಾಚುವಾಗ ಯಾವ ಕಡೆ ಬೈತಲೆ ತೆಗೆಯಬೇಕು ಎಂದೆಲ್ಲ ಹೇಳಿದರು. ವ್ಯಾನು ಹೊರಡುವ ಸದ್ದು ಮಾಡಿದ ಕೂಡಲೇ ತಿರುಗಿ, ಬೆನ್ನು ಮಾಡಿ, ಟೋಪಿ ಒತ್ತಿ ಹಿಡಿದು ನಿಂತರು.

ಲಿಯಾನ್ ಹಿಂದಿನ ಗಾಜಿನಲ್ಲಿ ಆ ಬೆನ್ನನ್ನು ತಿರುವು ಬರುವ ತನಕ ನೋಡಿದಳು. ಅಳಲಿಲ್ಲ. ಕಂಬಳಿಯ ಅಂಚನ್ನು ಬೆರಳಿಗೆ ಸುತ್ತಿಕೊಂಡು ಕೂತಳು. ರೊನೆಲ್‌ಗೆ ಗಳಿಗೆಗೊಮ್ಮೆ ಹೊಸ ಹೆದರಿಕೆ ಹುಟ್ಟುತ್ತಿತ್ತು. ರಾತ್ರಿ ಎಚ್ಚರವಾಗಿ ಮಾ ಎಂದು ಕೂಗಿದರೆ ಯಾರು ಹೋಗುವುದು? ಅವಳು ಕುಡಿಯುವ ಲೋಟ ತಂದೆವಾ?

"ರೊನೆಲ್, ತಮ್ಮ ಈಗ ಎಲ್ಲಿರ್ತಾನೆ?"

"ಗೊತ್ತಿಲ್ಲ ಮಗಾ."

"ಅವನಿಗೆ ಗೊತ್ತಿರತ್ತಾ?"

"ಅದೂ ಗೊತ್ತಿಲ್ಲ."

"ಮತ್ತೆ ನಿಂಗೆ ಏನು ಗೊತ್ತು?"

ರೊನೆಲ್ ಯೋಚಿಸಿದಳು. "ಈಸ್ಟರಿಗೆ ಈ ವ್ಯಾನು ಎಲ್ಲಿಂದ ಹೊರಡುತ್ತೆ ಅಂತ ಗೊತ್ತು. ಕಿಟಕಿ ಸೀಟು ಬೇಕಾದ್ರೆ ಎಷ್ಟು ಬೇಗ ಹೋಗ್ಬೇಕು ಅಂತಾನೂ ಗೊತ್ತು."

ಲಿಯಾನ್ ಆ ಉತ್ತರವನ್ನು ಅತ್ತಿಂದಿತ್ತ ತಿರುಗಿಸಿ ನೋಡಿದಂತಿತ್ತು. ಆಮೇಲೆ ಡಬ್ಬಿಯ ಮುಚ್ಚಳ ತೆಗೆದು, ಒಂದು ಮಾಂಸದ ಉಂಡೆಯನ್ನು ಎರಡು ಮಾಡಿ, ಯಾವುದು ದೊಡ್ಡದೆಂದು ನೋಡಿ ಅದನ್ನು ತಾನಿಟ್ಟುಕೊಂಡು, ಚಿಕ್ಕದನ್ನು ರೊನೆಲ್‌ಳ ಬೆವರಿದ ಅಂಗೈಯಲ್ಲಿಟ್ಟಳು.